ದೂರ ನಿಲ್ಲುವುದು, ದೂರ ಇಡುವುದು



ಇಂದಿನ ಚಿಂತನೆಗೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಪದ: ಅಂತರ.

ಕೊರೊನಾ ಕಾಲದಲ್ಲಿ ನಾವು ಅತಿ ಹೆಚ್ಚು ಕೇಳಿದ ಕನ್ನಡ ಪದ ಬಹುಶಃ ಇದೇ. ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಅಂತರ, ಬಸ್ಸಿನ ಸೀಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಅಂತರ, ಬ್ಯಾಂಕಿನ ಬಾಗಿಲಲ್ಲಿ ಅಂತರ. 2021ರಲ್ಲಿ ಎಲ್ಲರೂ ಮರಳಿ ಬರತೊಡಗಿದೆವು. ಆಗಸ್ಟ್ 23ರಂದು 9 ಮತ್ತು 10ನೇ ತರಗತಿಯ ಮಕ್ಕಳು ಬಂದರು, ಸೆಪ್ಟೆಂಬರ್ 6ರಿಂದ 6ರಿಂದ 8ನೇ ತರಗತಿಯವರು, ಅಕ್ಟೋಬರ್ 25ರ ಸೋಮವಾರದಿಂದ 1ರಿಂದ 5ನೇ ತರಗತಿಯ ಪುಟಾಣಿಗಳೂ ಬಂದರು. ಸರ್ಕಾರಿ ಕಚೇರಿಗಳು ನಮಗಿಂತ ಎಷ್ಟೋ ಮೊದಲೇ ತೆರೆದವು. ಮೇಜು ಸರಿಸಿದೆವು, ಕೌಂಟರಿಗೆ ಗಾಜು ಹಾಕಿದೆವು, ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟೆವು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಇವುಗಳ ಒಳಗೆ ಒಂದು ನೈತಿಕ ಪ್ರಶ್ನೆ ಇದೆ. ಅದನ್ನು ನಾವು ಇನ್ನೂ ಕೂತು ಯೋಚಿಸಿಲ್ಲ ಎಂದು ನನಗೆ ಅನ್ನಿಸುತ್ತದೆ.

ಇನ್ನೊಬ್ಬರಿಗೆ ನನ್ನಿಂದ ತೊಂದರೆ ಆಗದಿರಲಿ ಎಂದು ನಾನು ದೂರ ನಿಲ್ಲುತ್ತೇನೆ. ಇದು ಕರುಣೆ. ಇನ್ನೊಬ್ಬರು ನನ್ನ ಹತ್ತಿರ ಬರದಿರಲಿ ಎಂದು ಅವರನ್ನು ದೂರ ಇಡುತ್ತೇನೆ. ಇದು ಬೇರೆಯೇ. ಟೇಪು ಹಿಡಿದು ಅಳೆದರೆ ಎರಡೂ ಆರಡಿಯೇ. ಹಾಗಿದ್ದರೆ ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ?

ಈ ಪ್ರಶ್ನೆ ನಮ್ಮ ದೇಶದಲ್ಲಿ ಬರಿಯ ಪುಸ್ತಕದ ಪ್ರಶ್ನೆಯಲ್ಲ. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರೇ 'ಸಾಮಾಜಿಕ ಅಂತರ' ಎಂಬ ಮಾತಿಗಿಂತ 'ದೈಹಿಕ ಅಂತರ' ಎನ್ನುವುದು ಮೇಲು ಎಂದರು. ದೇಹ ದೂರವಿರಲಿ, ಮನುಷ್ಯರು ದೂರವಾಗದಿರಲಿ ಎಂಬುದು ಅವರ ಆಶಯ. ಆದರೂ ನಮ್ಮ ಬೋರ್ಡುಗಳಲ್ಲಿ, ಸುತ್ತೋಲೆಗಳಲ್ಲಿ ಸಾಮಾಜಿಕ ಅಂತರವೇ ಉಳಿಯಿತು. ನಮಗೆ ಆ ಪದ ಅಷ್ಟು ಸುಲಭವಾಗಿ ಒಗ್ಗಿತು. ಯಾಕೆ ಒಗ್ಗಿತು ಎಂದು ಯಾರಾದರೂ ಕೇಳಿದರೆ, ಇತಿಹಾಸದ ಪುಟ ತೆರೆದು ತೋರಿಸಬೇಕಾಗುತ್ತದೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಬರಹದಲ್ಲಿ ಶಾಲೆಯ ದಿನಗಳನ್ನು ನೆನೆದಿದ್ದಾರೆ. ತರಗತಿಯಲ್ಲಿ ಅವರು ಬೇರೆ ಕೂರಬೇಕು. ಕೂರುವುದಕ್ಕೆ ಮನೆಯಿಂದ ಗೋಣಿ ತರಬೇಕು, ಸಂಜೆ ಅದನ್ನು ವಾಪಸು ಒಯ್ಯಬೇಕು, ಏಕೆಂದರೆ ಶಾಲೆ ಗುಡಿಸುವವರೂ ಅದನ್ನು ಮುಟ್ಟುವುದಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಅವನಿಲ್ಲದ ದಿನ ನೀರಿಲ್ಲ. ಮುಂದೆ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಕಚೇರಿಯ ಜವಾನರು ಫೈಲುಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರೆಂದು ಅವರ ಜೀವನಚರಿತ್ರೆಗಳು ದಾಖಲಿಸಿವೆ. ನಮ್ಮ ನಾಡಿನ ಕಚೇರಿಯ ಮೇಜಿಗೆ ಅಂತರದ ನೆನಪು ವೈರಸ್ಸಿಗಿಂತ ಹಳೆಯದು.

ಆದ್ದರಿಂದಲೇ ಕೊರೊನಾ ಬಂದ ಹೊಸತರಲ್ಲಿ ಓಡಾಡಿದ ಒಂದು ಬಗೆಯ ಸಂದೇಶ ನನ್ನ ಮನಸ್ಸನ್ನು ತುಂಬಾ ಕಲಕಿತು. ನಿಮಗೂ ಬಂದಿರಬಹುದು. ನಮ್ಮ ಹಿರಿಯರ ಮಡಿ-ಮೈಲಿಗೆ ಎಷ್ಟು ವೈಜ್ಞಾನಿಕ ನೋಡಿ, ಇವತ್ತು ಪ್ರಪಂಚವೇ ಅದನ್ನು ಪಾಲಿಸುತ್ತಿದೆ ಎಂಬ ಧಾಟಿಯದು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿ, "ಏನಂತೀರಿ ಮೇಡಂ?" ಅಂದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಇಷ್ಟೇ ಕೇಳಿದೆ: "ಸರ್, ಮೈಲಿಗೆ ಎಷ್ಟು ದಿನಕ್ಕೆ ವಾಸಿಯಾಗುತ್ತಿತ್ತು?" ಅವರು ನಕ್ಕು ಸುಮ್ಮನಾದರು. ಆದರೆ ಆ ಪ್ರಶ್ನೆ ನನ್ನಲ್ಲೇ ಉಳಿಯಿತು. ಅದರ ಬೆನ್ನು ಹತ್ತಿ ಹೋದಾಗ ನನಗೆ ಮೂರು ಅಳತೆಗೋಲುಗಳು ಸಿಕ್ಕವು. ಅವನ್ನು ನಿಮ್ಮ ಮುಂದಿಡುತ್ತೇನೆ.

*ಮೊದಲನೆಯದು: ಈ ಅಂತರ ಕಾರಣವನ್ನು ಕೇಳುತ್ತದೆಯೇ?*

ರೋಗಕ್ಕೆ ಒಂದು ನಡೆ ಇದೆ. ಅದನ್ನು ನೋಡಿ ತಿಳಿಯಬಹುದು. 2020ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಒಂದು ಬಹುಮಹಡಿ ಕಟ್ಟಡದಲ್ಲಿ ಸೋಂಕು ಹರಡಿತು. 11ನೇ ಮಹಡಿಯಲ್ಲಿ ಒಂದು ಕಾಲ್ ಸೆಂಟರ್. ಅಲ್ಲಿ ಒತ್ತೊತ್ತಾಗಿ ಕೂತು ದಿನವಿಡೀ ಮಾತಾಡುವ ಕೆಲಸ. ಆ ಮಹಡಿಯ 216 ಮಂದಿಯಲ್ಲಿ 94 ಮಂದಿಗೆ ಸೋಂಕು ತಗುಲಿತು, ಅವರಲ್ಲಿ ಬಹುಪಾಲು ಜನ ಮಹಡಿಯ ಒಂದೇ ಬದಿಯವರು. ಇಡೀ ಕಟ್ಟಡದಲ್ಲಿ ಸೋಂಕಿತರು 97. ಅಂದರೆ ಅದೇ ಲಿಫ್ಟು, ಅದೇ ಬಾಗಿಲು ಬಳಸಿದ ಉಳಿದ ಮಹಡಿಗಳವರಲ್ಲಿ ಮೂವರು ಮಾತ್ರ. ಇದರಿಂದ ತಿಳಿಯುವುದೇನು? ಲಿಫ್ಟಿನ ಗುಂಡಿ ಮುಟ್ಟಿದ್ದಕ್ಕಿಂತ, ಒಬ್ಬರನ್ನೊಬ್ಬರು ಹಾದುಹೋದದ್ದಕ್ಕಿಂತ, ಗಂಟೆಗಟ್ಟಲೆ ಒಂದೇ ಗಾಳಿಯನ್ನು ಉಸಿರಾಡಿದ್ದೇ ಹೆಚ್ಚು ಅಪಾಯ.

ಈ ಮಾತು ಒಪ್ಪಿಗೆಯಾಗಲು ಕಾಲ ಹಿಡಿಯಿತು. ಮೊದಲು ಎಲ್ಲರ ಗಮನ ಮುಟ್ಟುವ ವಸ್ತುಗಳ ಮೇಲಿತ್ತು. ನಾವು ತರಕಾರಿ ತೊಳೆದೆವು, ನೋಟು ಒಣಗಿಸಿದೆವು, ಬೆಂಚಿಗೆ ದ್ರಾವಣ ಸಿಂಪಡಿಸಿದೆವು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಸೋಂಕಿನ ಮೇಲ್ಮೈಯನ್ನು ಮುಟ್ಟುವುದರಿಂದ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಅದೇ ವರ್ಷ ಮೇ 20ರಂದು ನಮ್ಮ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯು, ದೊಡ್ಡ ಹನಿಗಳು 2 ಮೀಟರಿನೊಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಹುದು, ಆದ್ದರಿಂದ ಕಿಟಕಿ ಬಾಗಿಲು ತೆರೆದಿಡಿ ಎಂದು ಸೂಚಿಸಿತು.

ಈಗ ಈ ತಿಳಿವಳಿಕೆಯನ್ನು ನಮ್ಮ ಕೆಲಸದ ಜಾಗಕ್ಕೆ ತಂದು ನೋಡಿ. ಯಾರಿಂದ ಅಪಾಯ ಹೆಚ್ಚು? ಅಂಗಳ ಗುಡಿಸುವವರಿಂದಲೇ? ಅವರು ದಿನವಿಡೀ ಬಯಲಲ್ಲಿ ಇರುತ್ತಾರೆ. ಅರ್ಜಿ ಕೊಟ್ಟು ಎರಡು ನಿಮಿಷಕ್ಕೆ ಹೋಗುವ ಹಳ್ಳಿಯವರಿಂದಲೇ? ಅಪಾಯ ಹೆಚ್ಚಿರುವುದು ಮುಚ್ಚಿದ ಕೋಣೆಯಲ್ಲಿ ನಮ್ಮೊಂದಿಗೆ ಗಂಟೆಗಟ್ಟಲೆ ಕೂರುವವರಿಂದ. ಅಂದರೆ ನಮ್ಮ ನಮ್ಮ ಸಹೋದ್ಯೋಗಿಗಳಿಂದ, ಗೆಳೆಯರಿಂದ. ಆದರೆ ನಾವು ಮಾಡಿದ್ದೇನು? ಅರ್ಜಿ ಹಿಡಿದು ಬಂದವರನ್ನು ಕಂಡರೆ ಮಾಸ್ಕ್ ಮೇಲೇರಿಸುತ್ತಿದ್ದೆವು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಎಲ್ಲರೂ ಮಾಸ್ಕ್ ಕೆಳಗಿಳಿಸಿ, ಒಂದೇ ಮೇಜಿಗೆ ಸೇರಿ, ಉಪ್ಪಿನಕಾಯಿ ಹಂಚಿಕೊಂಡು ಮುಕ್ಕಾಲು ಗಂಟೆ ಹರಟುತ್ತಿದ್ದೆವು. 'ನಮ್ಮವರು' ಎಂದರೆ ಸುರಕ್ಷಿತ, 'ಬೇರೆಯವರು' ಎಂದರೆ ಅಪಾಯ ಎಂದು ಮನಸ್ಸು ತಾನೇ ತೀರ್ಮಾನಿಸಿಬಿಟ್ಟಿತ್ತು. ವೈರಸ್ಸು ಆ ತೀರ್ಮಾನವನ್ನು ಒಪ್ಪಿಲ್ಲ. ಅದು ಕೇಳುವುದು ಇಷ್ಟೇ: ಎಷ್ಟು ಹೊತ್ತು, ಎಷ್ಟು ಹತ್ತಿರ, ಗಾಳಿ ಎಷ್ಟು.

ನಮ್ಮ ಭಯ ರೋಗದ ದಾರಿಯಲ್ಲಿ ನಡೆಯದೆ ಹಳೆಯ ರೂಢಿಯ ದಾರಿಯಲ್ಲಿ ನಡೆದರೆ, ಆ ಭಯಕ್ಕೆ ವಿಜ್ಞಾನದ ಹೆಸರು ಹೇಳುವ ಹಕ್ಕು ನಮಗಿಲ್ಲ.

*ಎರಡನೆಯದು: ಈ ಅಂತರ ಎರಡೂ ಕಡೆಗೆ ಸಮವೇ, ಮತ್ತು ಅದಕ್ಕೆ ಕೊನೆ ಇದೆಯೇ?*

ನಾನು ಕೆಲಸ ಮಾಡುವ ಶಾಲೆಯ ಒಂದು ಸಂಗತಿ ಹೇಳುತ್ತೇನೆ. ಶಾಲೆ ತೆರೆದ ಮೇಲೆ ನಾವು ತಕ್ಕ ಮಟ್ಟಿಗೆ ಏರ್ಪಾಟು ಮಾಡಿಕೊಂಡೆವು. ಸ್ಟಾಫ್ ರೂಮಿನ ಉದ್ದನೆಯ ಮೇಜನ್ನು ಬಿಡಿಸಿ, ಕೆಲವರು ಪ್ರಯೋಗಾಲಯಕ್ಕೆ, ಕೆಲವರು ವರಾಂಡಕ್ಕೆ ಹೋದೆವು. ಒಂದು ಕಿಟಕಿಗೆ ಅಡ್ಡಲಾಗಿ ಹಳೆಯ ಉತ್ತರಪತ್ರಿಕೆಗಳ ಬೀರು ನಿಂತಿತ್ತು, ಅದನ್ನು ಸರಿಸಿದೆವು. ಬಣ್ಣ ಬಳಿದು ಬಳಿದು ಅಂಟಿಹೋಗಿದ್ದ ಕಿಟಕಿ ಬಾಗಿಲನ್ನು ಬಡಗಿಯನ್ನು ಕರೆಸಿ ಬಿಡಿಸಿದೆವು. ಕುಡಿಯುವ ನೀರಿನ ಹಂಡೆ ತೆಗೆದು ಎಲ್ಲರೂ ಅವರವರ ಬಾಟಲಿ ತಂದುಕೊಂಡೆವು. ಎಲ್ಲ ಸರಿಯಾಗಿತ್ತು.

ಹನ್ನೊಂದು ಗಂಟೆಯ ಚಹಾ ಮಾತ್ರ ಬೇರೆ ರೀತಿ ಬರತೊಡಗಿತು. ಶಿಕ್ಷಕರಿಗೆಲ್ಲ ಸ್ಟೀಲ್ ಲೋಟ. ಬಿಸಿಯೂಟದ ಅಡುಗೆಯವರಿಗೆ, ಗುಡಿಸುವ ಅಕ್ಕನಿಗೆ, ಡಿ ದರ್ಜೆಯ ಅಣ್ಣನಿಗೆ ಪೇಪರ್ ಕಪ್. ಚಹಾ ಕಾಸಿದವರು ಅಡುಗೆಯವರು, ನಮ್ಮ ಲೋಟಗಳನ್ನೆಲ್ಲ ತೊಳೆದು ಇಟ್ಟವರು ಅಡುಗೆಯವರು. ಅವರ ಕೈ ತೊಳೆದ ಲೋಟ ನಮಗೆ ಆಗುತ್ತದೆ, ಆ ಲೋಟ ಅವರ ತುಟಿಗೆ ಆಗುವುದಿಲ್ಲ. ರೋಗದ ಲೆಕ್ಕದಲ್ಲಿ ಇದಕ್ಕೆ ಅರ್ಥವೇ ಇಲ್ಲ. ನಾನು ಕೇಳಿದಾಗ ಅಡುಗೆಯಾಕೆಯೇ, "ಕೊರೊನಾ ಅಲ್ವಾ ಟೀಚರ್" ಎಂದು ಸಮಾಧಾನ ಹೇಳಿದರು.

ಶನಿವಾರದ ಸಿಬ್ಬಂದಿ ಸಭೆಯಲ್ಲಿ ನಾನು ಈ ಮಾತೆತ್ತಿದೆ. ಮುಖ್ಯ ಶಿಕ್ಷಕರಿಗೆ ನಿಜಕ್ಕೂ ಬೇಸರವಾಯಿತು. "ಯಾರೂ ಬೇಕಂತ ಮಾಡಿದ್ದಲ್ಲ ಮೇಡಂ, ಲೋಟ ಕಡಿಮೆ ಬಿದ್ದವು, ಅದಕ್ಕೆ ಕಪ್ ತರಿಸಿದೆವು" ಅಂದರು. ಅದು ಸುಳ್ಳಲ್ಲ. ಆದರೆ ಲೋಟ ಕಡಿಮೆ ಬಿದ್ದಾಗ ಯಾರಿಗೆ ಕಡಿಮೆ ಬಿದ್ದವು ಎಂಬುದೇ ಪ್ರಶ್ನೆ.

ಇಲ್ಲಿ ಧಮ್ಮದ ಒಂದು ಸೂಕ್ಷ್ಮ ಬರುತ್ತದೆ. ನಮ್ಮ ಅಧ್ಯಯನದಲ್ಲಿ ಪದೇ ಪದೇ ಕೇಳಿದ್ದೇವೆ, ಕರ್ಮವೆಂದರೆ ಚೇತನ, ಅಂದರೆ ಸಂಕಲ್ಪ. ಹಾಗಿದ್ದರೆ ಕೆಟ್ಟ ಸಂಕಲ್ಪವೇ ಇಲ್ಲದೆ ಆದದ್ದಕ್ಕೆ ದೋಷ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಕುಶಲದ ಬೇರುಗಳನ್ನು ಹೇಳುವಾಗ ಭಗವಾನರು ಲೋಭ ಮತ್ತು ದ್ವೇಷಗಳಿಗೇ ನಿಲ್ಲಿಸಲಿಲ್ಲ. ಮೂರನೆಯದು ಮೋಹ, ಕಾಣದಿರುವಿಕೆ. ದ್ವೇಷವಿಲ್ಲದ ಒಳ್ಳೆಯ ಜನರೂ ಕಾಣದಿರುವಿಕೆಯಿಂದ ಎರಡು ಬಗೆಯ ಲೋಟ ಇಡಬಲ್ಲರು. ಕೈ ತಾನಾಗಿ ಹೋಗುವ ದಾರಿಯಲ್ಲೇ ಹಳೆಯ ಸಂಸ್ಕಾರ ಕೂತಿರುತ್ತದೆ. "ಬೇಕಂತ ಮಾಡಿದ್ದಲ್ಲ" ಎಂಬ ಮಾತು ದ್ವೇಷದಿಂದ ನಮ್ಮನ್ನು ಬಿಡಿಸಬಹುದು, ಮೋಹದಿಂದ ಬಿಡಿಸುವುದಿಲ್ಲ. ಕಂಡ ಮೇಲೂ ಹಾಗೆಯೇ ನಡೆಸಿದರೆ ಅದು ಸಂಕಲ್ಪವೇ ಆಗುತ್ತದೆ.

ಅಂದಿನಿಂದ ಮುಖ್ಯ ಶಿಕ್ಷಕರಿಂದ ಹಿಡಿದು ಎಲ್ಲರೂ ತಮ್ಮ ತಮ್ಮ ಲೋಟ ಮನೆಯಿಂದ ತರುತ್ತೇವೆ, ನಾವೇ ತೊಳೆದಿಡುತ್ತೇವೆ. ಅಂತರ ಹಾಗೇ ಇದೆ, ಆದರೆ ಈಗ ಅದು ಎಲ್ಲರಿಗೂ ಒಂದೇ. ಅಡುಗೆಯವರು ಈಗಲೂ ಅಡುಗೆ ಕೋಣೆಯ ಮೆಟ್ಟಿಲ ಮೇಲೇ ಕೂತು ಕುಡಿಯುತ್ತಾರೆ. ಕರೆದರೆ, "ಇಲ್ಲೇ ಗಾಳಿ ಚೆನ್ನಾಗಿದೆ ಟೀಚರ್" ಅನ್ನುತ್ತಾರೆ. ಅದೂ ನಿಜವೇ. ಅದಷ್ಟೇ ನಿಜವೇ ಎಂಬುದು ನನಗೆ ತಿಳಿಯದು.

ಇನ್ನು ಕೊನೆಯ ಮಾತು. ಆಶ್ವಯುಜ ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತದೆ. ಮಳೆಗಾಲದಲ್ಲಿ ತಿರುಗಾಡಿದರೆ ಎಳೆಯ ಪೈರು ತುಳಿದುಹೋಗುತ್ತದೆ, ಸಣ್ಣ ಪುಟ್ಟ ಜೀವಿಗಳು ಸಾಯುತ್ತವೆ ಎಂದು ಜನ ಆಕ್ಷೇಪಿಸಿದಾಗ, ಭಿಕ್ಖುಗಳು ಮೂರು ತಿಂಗಳು ಒಂದೆಡೆ ನಿಲ್ಲಬೇಕೆಂಬ ನಿಯಮ ಬಂತು. ನೋಡಿ, ಅದೂ ಒಂದು ಬಗೆಯ ಲಾಕ್‌ಡೌನ್. ಇತರ ಜೀವಗಳಿಗೆ ನೋವಾಗದಿರಲಿ ಎಂದು ತಾನು ನಿಲ್ಲುವುದು. ಅದಕ್ಕೆ ಕಾರಣವಿತ್ತು, ಅವಧಿಯಿತ್ತು. ರೋಗಿಯ ಆರೈಕೆಯಂಥ ಕೆಲಸವಿದ್ದರೆ ಏಳು ದಿನದ ಮಟ್ಟಿಗೆ ಹೊರಗೆ ಹೋಗಲು ಅವಕಾಶವೂ ಇತ್ತು. ಕಾಪಾಡುವ ಅಂತರ ಯಾವಾಗಲೂ ಹೀಗಿರುತ್ತದೆ. ಕಾರಣ ತೀರಿದಾಗ ಅದೂ ತೀರುತ್ತದೆ. ಮೈಲಿಗೆಗೆ ಅವಧಿಯಿರಲಿಲ್ಲ. ಅದು ಹುಟ್ಟಿನಿಂದ ಬಂದು ಸುಡುಗಾಡಿನಲ್ಲೂ ಬೇರೆ ಜಾಗ ಕೇಳುತ್ತಿತ್ತು.

*ಮೂರನೆಯದು: ಅಂತರದ ಜೊತೆಗೆ ಆರೈಕೆ ಬಂತೇ?*

ವಿನಯಪಿಟಕದ ಒಂದು ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಹೊಟ್ಟೆಯ ಬೇನೆಯಿಂದ ಒಬ್ಬ ಭಿಕ್ಖು ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ. ಇವನಿಂದ ನಮಗೇನೂ ಉಪಯೋಗವಿಲ್ಲ ಎಂದು ಉಳಿದವರು ಅವನನ್ನು ಬಿಟ್ಟಿದ್ದರು. ಭಗವಾನರು ಆನಂದನಿಂದ ನೀರು ತರಿಸಿ, ತಾವೇ ನೀರೆರೆದು, ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ನಿಮಗೆ ಇಲ್ಲಿ ತಾಯಿ ತಂದೆ ಇಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ಯಾರು ನೋಡುತ್ತಾರೆ ಎಂದು ಸಂಘಕ್ಕೆ ಹೇಳಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಅಲ್ಲಿಯದೇ.

ನಮ್ಮ ಕೆಲಸದ ಜಾಗದಲ್ಲಿ ಇದನ್ನು ಹೇಗೆ ಅಳೆಯುವುದು? ಬಾಗಿಲಲ್ಲಿ ಥರ್ಮಾಮೀಟರ್ ಹಿಡಿದು ನಿಂತಿದ್ದ ಅಣ್ಣನನ್ನು ನೆನೆಯಿರಿ. ಬೆಳಿಗ್ಗೆ ಮುನ್ನೂರು ಹಣೆಗಳಿಗೆ ಅದನ್ನು ಹಿಡಿಯುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಜನರ ಎದುರು ನಿಲ್ಲುತ್ತಿದ್ದರು. ಅವರ ಹಣೆಗೆ ಯಾರು ಹಿಡಿಯುತ್ತಿದ್ದರು? ಅವರಿಗೆ ಒಳ್ಳೆಯ ಮಾಸ್ಕ್ ಕೊಟ್ಟಿದ್ದೆವೇ? ದಿನಗೂಲಿಯವರಿಗೆ ಕೆಮ್ಮು ಬಂದರೆ ಮನೆಯಲ್ಲಿರಿ ಎನ್ನುತ್ತಿದ್ದೆವು. ಆ ದಿನಗಳ ಕೂಲಿಯ ಮಾತು ಯಾರಾದರೂ ಆಡಿದ್ದೆವೇ? ಸಂಬಳ ನಿಲ್ಲದ ನಮಗೆ ಮನೆಯಲ್ಲಿರುವುದು ಸುಲಭ. ಕೂಲಿ ನಿಲ್ಲುವವರು ಕೆಮ್ಮನ್ನು ಮುಚ್ಚಿಟ್ಟು ಬಂದರೆ ತಪ್ಪು ಅವರೊಬ್ಬರದೇ ಆಗುವುದಿಲ್ಲ. ದೂರ ಇರಿ ಎಂದು ಹೇಳಿದವರ ಮೇಲೆ, ದೂರ ಇದ್ದಾಗ ಅವರ ಮನೆಯ ಒಲೆ ಹೇಗೆ ಉರಿಯುತ್ತದೆ ಎಂದು ವಿಚಾರಿಸುವ ಹೊಣೆಯೂ ಬೀಳುತ್ತದೆ.

ಮಿತ್ರರೇ, ಇಷ್ಟು ಹೇಳಿದ ಮೇಲೆ ಕಿಟಕಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಕನ್ನಡ ಮೇಷ್ಟ್ರಿಗೆ ಸಮಾಧಾನವಿಲ್ಲ. ನಾವು ಮರೆತಿರುವ ಒಂದು ಹಳೆಯ ಪದ 'ವಾತಾಯನ', ಗಾಳಿಯ ದಾರಿ. ಪಾಲಿಯಲ್ಲಿ 'ವಾತಪಾನ'. ವಿನಯದ ಚುಲ್ಲವಗ್ಗದಲ್ಲಿ ವಸತಿಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ವಿಹಾರಗಳಿಗೆ ಕಿಟಕಿಗಳಿಲ್ಲದೆ ಕಣ್ಣಿಗೆ ತೊಂದರೆ, ದುರ್ವಾಸನೆ ಎಂದಾಗ ಭಗವಾನರು ಮೂರು ಬಗೆಯ ಕಿಟಕಿಗಳಿಗೆ ಅನುಮತಿ ಕೊಟ್ಟರು: ಕಟಾಂಜನದ್ದು, ಜಾಲರಿಯದ್ದು, ಸರಳಿನದ್ದು. ಆ ಕಿಟಕಿಯಿಂದ ಅಳಿಲು, ಬಾವಲಿ ಬರತೊಡಗಿದಾಗ ಪರದೆಗೂ ಅನುಮತಿ ಬಂತು. ಚಳಿಗಾಲದಲ್ಲಿ ಹಗಲು ತೆರೆದು ರಾತ್ರಿ ಮುಚ್ಚಬೇಕು, ಬೇಸಿಗೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯಬೇಕು ಎಂಬ ವಿವರವೂ ಇದೆ. ನಿರ್ವಾಣದ ದಾರಿ ತೋರಿದ ಶಾಸ್ತನಿಗೆ ಕಿಟಕಿ ಸಣ್ಣ ವಿಷಯವಾಗಿರಲಿಲ್ಲ.

ಅಲ್ಲೇ ಇನ್ನೊಂದು ನಿಯಮವಿದೆ. ಹಿರಿಯರ ಜೊತೆ ಒಂದೇ ವಿಹಾರದಲ್ಲಿದ್ದರೆ ಅವರನ್ನು ಕೇಳದೆ ಕಿಟಕಿ ತೆರೆಯಬಾರದು, ಕೇಳದೆ ಮುಚ್ಚಲೂಬಾರದು. ಒಂದೇ ಕೋಣೆಯ ಗಾಳಿ ಒಬ್ಬರ ಆಸ್ತಿಯಲ್ಲ ಎಂಬ ತಿಳಿವು ಇದರಲ್ಲಿದೆ. ನಮ್ಮ ಕಚೇರಿಗಳಲ್ಲಿ ಕಿರಿಯರು ಹಿರಿಯರನ್ನು ಕೇಳುವುದು ಹೇಗೂ ನಡೆಯುತ್ತದೆ. ಇನ್ನು ಸ್ವಲ್ಪ ತಿರುಗಿಸಿ, ಎ.ಸಿ. ಹಾಕಿಸುವ ಸಾಹೇಬರು ಗುಮಾಸ್ತರನ್ನು ಕೇಳಲಿ, ಫ್ಯಾನಿನ ಕೆಳಗೆ ಕೂರುವ ನಾವು ಉಬ್ಬಸವಿರುವ ಸಹೋದ್ಯೋಗಿಯನ್ನು ಕೇಳೋಣ, ಮಳೆ ಎರಚಲು ಬರುವ ಕಿಟಕಿಯ ಪಕ್ಕ ದಿನವೂ ಒಬ್ಬರೇ ಕೂರದೆ ಸರದಿ ಮಾಡಿಕೊಳ್ಳೋಣ. ಸುರಕ್ಷತೆಗೆ ಬೆಲೆಯಿದೆ. ಆ ಬೆಲೆಯನ್ನು ಹಂಚಿಕೊಳ್ಳುವುದೇ ಶೀಲ.

ನಾವು ಆನಾಪಾನಸತಿಯಲ್ಲಿ ಕೂತಾಗ 'ನನ್ನ ಉಸಿರು' ಅನ್ನುತ್ತೇವೆ. ಒಳಗೆ ಬಂದದ್ದು ಈಗ ತಾನೇ ಯಾರದೋ ಹೊರಗೆ ಹೋದದ್ದು. ಅದು ನನ್ನದಾಗಿರುವುದು ಒಂದೆರಡು ಕ್ಷಣ ಮಾತ್ರ. ಅನಾತ್ಮವನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ಕಷ್ಟ. ಕೊರೊನಾ ಕಾಲ ಅದನ್ನು ಪ್ರತಿ ಕೋಣೆಯಲ್ಲೂ ಕಲಿಸಿತು.

*ಇಂದಿನ ಅಭ್ಯಾಸ:* ಇವತ್ತು ನಿಮ್ಮ ಕೆಲಸದ ಜಾಗಕ್ಕೆ ಹೋದಾಗ ಒಂದು ಸಲ ಸುತ್ತ ನೋಡಿ. ಯಾವ ಕಿಟಕಿಗೆ ಬೀರು ಅಡ್ಡ ನಿಂತಿದೆ? ಯಾರ ಮುಂದೆ ನಿಮ್ಮ ಕೈ ತಾನಾಗಿ ಮಾಸ್ಕಿಗೆ ಹೋಗುತ್ತಿತ್ತು, ಯಾರ ಮುಂದೆ ಹೋಗುತ್ತಿರಲಿಲ್ಲ? ಚಹಾ ಬಂದಾಗ ಲೋಟಗಳನ್ನು ಎಣಿಸಿ. ಕಂಡದ್ದನ್ನು ಸಂಜೆ ಗುಂಪಿನಲ್ಲಿ ಎರಡು ಸಾಲು ಬರೆಯಿರಿ.

ಎಲ್ಲರೂ ಆರೋಗ್ಯವಾಗಿರಲಿ, ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ, ಜೈ ಭೀಮ್ 🙏